ಕಾವಿನ ಮೂಲೆ

ಹಿತ್ತಲಿನ ಸೂರಿಗೆ ಬೆಳಿಗ್ಗೆ ನೆನೆಸಿ ಕಟ್ಟಿದ ಗೋಣಿಚೀಲ ಮಧ್ಯಾಹ್ನವಾದರೂ ಒಣಗಿರಲಿಲ್ಲ. ಶಿವರಂಜಿನಿ ಅದನ್ನು ಮುಟ್ಟಿ ನೋಡಿ ಕೈಯನ್ನು ನೈಟಿಗೆ ಒರೆಸಿಕೊಂಡಳು. ಯುಗಾದಿಯ ಹೊತ್ತಿನಲ್ಲಿ ಇದೇ ಚೀಲ ನೋಡನೋಡುತ್ತ ಒಣಗುತ್ತಿತ್ತು, ಒಣಗುತ್ತ ಒಳಗಿನ ಗಾಳಿಯನ್ನು ತಣ್ಣಗೆ ಮಾಡುತ್ತಿತ್ತು. ಆಮೇಲೆ ಅಶ್ವಿನಿ ಮಳೆ ಒಂದೆರಡು ಸಲ ಬಿದ್ದು ನಿಂತಿತು. ಈಗ ದಿನಾ ಬೆಟ್ಟದ ಕಡೆ ಮೋಡ ಕಟ್ಟುತ್ತದೆ, ಸುರಿಯುವುದಿಲ್ಲ. ಅವರ ಊರು ಹಂಗಳದ ಗಾಳಿಯೇ ಒದ್ದೆಯಾಗಿದೆ. ಒದ್ದೆ ಗಾಳಿಯಲ್ಲಿ ಒದ್ದೆ ಚೀಲ ಕಟ್ಟಿದರೆ ಆಗುವುದು ಇಡ್ಲಿ ಪಾತ್ರೆ, ಅಷ್ಟೇ.

ಆ ಇಡ್ಲಿ ಪಾತ್ರೆಯ ಒಳಗೆ, ಒರಳಿನ ಪಕ್ಕದ ಮೂಲೆಯಲ್ಲಿ, ಒಂದು ಮಂಕರಿಯಲ್ಲಿ ಅವಳ ಬೂದು ಹ್ಯಾಟೆ ಕೋಳಿ ಕಾವಿಗೆ ಕೂತಿತ್ತು. ಕೊಕ್ಕು ತೆರೆದಿತ್ತು. ರೆಕ್ಕೆಗಳು ಮೈಯಿಂದ ದೂರ ಇಳಿಬಿದ್ದಿದ್ದವು. ಗಂಟಲು ಪಟಪಟ ಬಡಿದುಕೊಳ್ಳುತ್ತಿತ್ತು. ಉಳಿದ ಗಿರಿರಾಜ ಕೋಳಿಗಳು ಬೆಳಿಗ್ಗೆಯೇ ಹೊಂಗೆಮರದ ಬುಡಕ್ಕೆ ಹೋಗಿ, ಮಣ್ಣು ಕೆದರಿ, ಗುಂಡಿಯಲ್ಲಿ ಹೊಟ್ಟೆ ಊರಿಕೊಂಡು ಬಿದ್ದಿದ್ದವು. ಅವು ಮೊಟ್ಟೆ ಇಡುತ್ತವೆ, ಕಾವಿಗೆ ಕೂರುವುದಿಲ್ಲ. ಹೋದ ವರ್ಷ ಕೊಕ್ಕರೆ ರೋಗ ಬಂದು ನಾಟಿ ಕೋಳಿಗಳೆಲ್ಲ ಸತ್ತಾಗ ಉಳಿದದ್ದು ಈ ಹ್ಯಾಟೆ ಮತ್ತು ಒಂದು ಹುಂಜ. ಇದು ಶಿವರಂಜಿನಿಯ ತವರಿನ ತಳಿ. ಮದುವೆಯಾದ ಹೊಸತರಲ್ಲಿ ಅವಳ ತಾಯಿ ಇದರ ಅಜ್ಜಿಯನ್ನು ವೈರ್ ಬ್ಯಾಗಿನಲ್ಲಿ ಹಾಕಿ, ಕತ್ತು ಹೊರಗೆ ಬಿಟ್ಟು, ಸಂತೆಮರಹಳ್ಳಿಯಿಂದ ಬಸ್ಸಿನಲ್ಲಿ ತಂದುಕೊಟ್ಟಿದ್ದಳು. ಈ ಸಲದ ಮೊಟ್ಟೆ ಒಡೆದರೆ ತಳಿ ಉಳಿಯುತ್ತದೆ. ಒಡೆಯಲು ಇನ್ನು ಕೆಲವೇ ದಿನ.

ಕಾವಿಗೆ ಕೂರಿಸುವುದು ಆ ಮೂಲೆಯಲ್ಲೇ. ಅತ್ತೆ ಪುಟ್ಟಮಾದಮ್ಮನ ಅತ್ತೆಯ ಕಾಲದಿಂದ ಹಾಗೇ. ಮಂಕರಿಗೆ ಹೊಟ್ಟು ಹಾಸಿ, ಮೊಟ್ಟೆ ಜೋಡಿಸಿ, ಗುಡುಗಿಗೆ ಕೆಡದಿರಲೆಂದು ಮುರಿದ ಕುಡುಗೋಲಿನ ತುಂಡು, ಒಂದು ಇದ್ದಿಲು ಇಟ್ಟು ಕೂರಿಸಿದ ಮೇಲೆ ಮರಿಯಾಗುವ ತನಕ ಮಂಕರಿ ಕದಲಿಸುವಂತಿಲ್ಲ. ಕದಲಿಸಿದರೆ ಕಾವು ಮುರಿಯುತ್ತದೆ. ಒಂದು ಕಾಲಕ್ಕೆ ಆ ಮೂಲೆ ಮನೆಯಲ್ಲೇ ತಂಪಾದ ಜಾಗ. ಮೇಲೆ ತೆಂಗಿನ ಗರಿಯ ಸೂರಿತ್ತು. ಕಳೆದ ದೀಪಾವಳಿಗೆ ಶಿವರಂಜಿನಿಯ ಗಂಡ ರಂಗರಾಜು ಗರಿ ಕಿತ್ತು ತಗಡಿನ ಸೀಟು ಹಾಕಿಸಿದ. ಸೀಟಿಗೆ ನೀಲಿ ಬಣ್ಣ. ಮೂಲೆ ಅದೇ, ಸೂರು ಬೇರೆ. ಇದು ಅತ್ತೆಯ ತಲೆಗೆ ಹೋಗುತ್ತಿರಲಿಲ್ಲ.

ಶಿವರಂಜಿನಿ ಚೀಲದ ಗಂಟು ಬಿಚ್ಚುತ್ತಿರುವಾಗ ಪುಟ್ಟಮಾದಮ್ಮ ಚೀಲಕ್ಕೆ ಎರಚಲು ಇನ್ನೊಂದು ಚೊಂಬು ನೀರು ತಂದಳು.

“ಯಾಕಮ್ಮಿ ಬಿಚ್ಚೀಯೆ? ಕೋಳಿಗೆ ಬಿಸ್ಲು ಒಡಿತದೆ.”

“ಮೂಲೇಲಿ ಎಲ್ಲತ್ತೆ ಬಿಸ್ಲು? ಗಾಳಿ ಆಡ್ಬೇಕು. ಈ ಒದ್ದೆ ಚೀಲ ಕಟ್ಟಿ ಕಟ್ಟಿ ಬೇಯಿಸ್ತಾ ಇದ್ದೀರಿ ಅದ್ನ.”

“ನಾ ಬೇಯಿಸ್ತಿನಾ? ನೀನು ಉಟ್ಟಕ್ಕೆ ಮುಂಚೆ ಈ ಮೂಲೇಲಿ ಎಷ್ಟು ಪಿಳ್ಳೆ ಒಡ್ಸಿವ್ನಿ ಗೊತ್ತಾ?”

“ಆಗ ಮೇಲೆ ಗರಿ ಇತ್ತು.”

“ಗರಿ ಇದ್ರೇನು, ಸೀಟಿದ್ರೇನು. ಕಾವು ಇರದು ಮೂಲೇಲಿ ಕಣಮ್ಮಿ, ಸೂರಲ್ಲಲ್ಲ.”

ಬೇಲಿಯಾಚೆ ಪಕ್ಕದ ಮನೆಯ ರಾಚಮ್ಮ ಬಟ್ಟೆ ಹರವುತ್ತಿದ್ದಳು. ಹರವುವುದನ್ನು ಬಿಟ್ಟು ಬೇಲಿ ದಾಟಿ ಬಂದಳು.

“ಏನ್ ಪುಟ್ಮಾದಕ್ಕ, ಅತ್ತೆ ಸೊಸೆ ಕೋಳಿಗೋಸ್ಕರ ಪಂಚಾಯ್ತಿ ಸೇರ್ಸಿದ್ದರಿ?” ಬಗ್ಗಿ ಮೂಲೆಯೊಳಗೆ ನೋಡಿದಳು. “ಅಯ್ಯೋ, ಒಲೆ ಬಾಯಿ ಇದ್ದಂಗದಲ್ಲಮ್ಮಿ. ಒಂದು ಫ್ಯಾನ್ ಮಡ್ಗು.”

“ಮಡ್ಗಿದ್ದೆ ಅಕ್ಕ. ಸೀಟಿನ ಬಿಸಿ ಗಾಳಿನೇ ತಿರುಗ್ಸಿ ಮಕಕ್ಕೆ ಒಡಿತದೆ. ಅದೂ ಕರೆಂಟ್ ಇದ್ರೆ.”

“ನಮ್ಮನೆಯೋರ್ದೂ ಅದೇ ಕತೆ. ಫ್ಯಾನ್ ಕೆಳ್ಗೆ ಇಂಗೇ ಬಾಯ್ ಬುಟ್ಕಂಡು ಬಿದ್ದಿರ್ತರೆ. ಈ ಕೋಳಿಯಾದ್ರೆ ಏನೋ ಒಂದು ಕೆಲ್ಸ ಮಾಡ್ತಾ ಅದೆ.”

ಪುಟ್ಟಮಾದಮ್ಮ ನಗಲಿಲ್ಲ. ಶಿವರಂಜಿನಿಗೂ ನಗು ಬರಲಿಲ್ಲ. ರಾಚಮ್ಮನ ತೆಂಗಿನ ಮರದ ಕೆಳಗೆ ಬಿದ್ದ ಗರಿಗಳ ಮೇಲೆ ಅವಳ ಕಣ್ಣಿತ್ತು. ಕೇಳಿದಳು. ರಾಚಮ್ಮ, “ಸೌದೆಗೆ ಅಂತ ಇಟ್ಟಿದ್ದೆ, ತಕ್ಕೋ” ಅಂದಳು. ಇಬ್ಬರೂ ಗರಿ ಎಳೆತಂದರು. ಶಿವರಂಜಿನಿ ಏಣಿ ಹತ್ತಿ ಸೀಟಿನ ಮೇಲೆ ಗರಿ ಒತ್ತೊತ್ತಾಗಿ ಹಾಸಿ ಹಗ್ಗ ಕಟ್ಟಿದಳು. ಸೀಟು ಮೊಣಕೈಗೆ ತಗುಲಿದ ಕಡೆ ಚರ್ಮ ಕೆಂಪಾಯಿತು. ಸಂಜೆಯ ಹೊತ್ತಿಗೆ ಹ್ಯಾಟೆ ಕೊಕ್ಕು ಮುಚ್ಚಿತ್ತು. ಮಡಕೆ ಬೋಕಿಯಲ್ಲಿ ಇಟ್ಟ ಮಜ್ಜಿಗೆ ನೀರು ಎರಡು ಗುಟುಕು ಕುಡಿಯಿತು.

ರಂಗರಾಜು ಕಾಡಂಚಿನ ಒಂದು ರೆಸಾರ್ಟಿನಲ್ಲಿ ಜೀಪು ಓಡಿಸುತ್ತಿದ್ದ. ಅವನಿಗೆ ಊಟಿ ರಸ್ತೆಯಿಂದಲೇ ಗರಿ ಕಂಡಿರಬೇಕು, ಬೂಟು ಬಿಚ್ಚದೆ ನೇರ ಹಿತ್ತಲಿಗೆ ಬಂದ.

“ಯಾರಾಕಿದ್ದು ಇದ?”

“ನಾನೇ.”

“ಸೀಟ್ ಆಕ್ಸಿರದು ಯಾಕಮ್ಮಿ? ಮೇಲೆ ಗರಿ ಒದ್ಸಿ ನೋಡಕ್ಕಾ?”

“ಒಂದ್ಸಲ ಒಳಕ್ಕೆ ಬಂದು ನಿಂತ್ಕಳಿ. ಮಧ್ಯಾನ ನಿಲ್ಲಕ್ಕೇ ಆಯ್ತಿರ್ಲಿಲ್ಲ. ಈಗ ಎಂಗದೆ ನೋಡಿ.”

“ನಿಲ್ಲಕ್ಕೆ ಬಂದಿಲ್ಲ ನಾನು. ನಮ್ ಜೀಪೋರೆಲ್ಲ ಈ ರೋಡಲ್ಲೇ ಓಗದು. ನಾಳಿಕ್ಕೆ ‘ಗುಡ್ಲು ರಂಗ ಮತ್ತೆ ಗುಡ್ಲಿಗೇ ಬಂದ’ ಅಂತರೆ.”

ಶಾಲೆಯಲ್ಲಿ ಅವನ ಹೆಸರು ಗುಡ್ಲು ರಂಗ. ಗುಡಿಸಲು ಇದ್ದದ್ದು ಅವನೊಬ್ಬನಿಗೇ ಅಲ್ಲ, ಆದರೆ ಹೆಸರು ಅಂಟಿದ್ದು ಅವನಿಗೆ. ಕೆಲಸ ಸಿಕ್ಕ ಮೇಲೆ ಮನೆಗೆ ಗೋಡೆ ಕಟ್ಟಿಸಿದ, ತಾರಸಿ ಹಾಕಿಸಿದ. ಕೊನೆಗೆ ಉಳಿದದ್ದು ಹಿತ್ತಲಿನ ಈ ಗರಿಯ ಸೂರು. ಅದನ್ನು ಕಿತ್ತ ದಿನ ಗರಿಗಳನ್ನೆಲ್ಲ ಗುಡ್ಡೆ ಹಾಕಿ ಅವನೇ ಬೆಂಕಿ ಇಟ್ಟಿದ್ದ. ಇದು ಶಿವರಂಜಿನಿಗೂ ಗೊತ್ತು. ಗೊತ್ತಿದ್ದರೆ ಕೋಳಿ ತಂಪಾಗುವುದಿಲ್ಲ.

“ಕೋಳಿ ಸಾಯ್ತದೆ ಕಣ್ರಿ.”

“ಸತ್ರೆ ಇನ್ನೊಂದು ತಂದ್ಕೊಟ್ಟೇನು. ಕೋಳಿಗೇನ್ ಬರ ಬಂದದಾ?”

“ಅಂಥದು ಸಿಕ್ಕಲ್ಲ. ಅದು ನನ್ ಕೋಳಿ.”

“ನಿನ್ ಕೋಳಿ, ನನ್ ಸೀಟು.”

ಹಗ್ಗ ಬಿಚ್ಚಲಿಲ್ಲ, ಕೆಳಗೆ ನಿಂತೇ ಎಳೆದ. ಗರಿಗಳು ಒಂದರ ಮೇಲೊಂದು ಅಂಗಳಕ್ಕೆ ಬಿದ್ದವು. ಪುಟ್ಟಮಾದಮ್ಮ ಬಾಗಿಲಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದಳು. “ಬುಡಮ್ಮಿ, ಮೂಲೆ ಅದೆಯಲ್ಲ” ಅಂದಳು.

ಆ ಮನೆಯಲ್ಲಿ ಹಾಲಿನ ದುಡ್ಡು ಅತ್ತೆಯದು, ಸಂಬಳ ಗಂಡನದು. ಕೋಳಿ ಮಾತ್ರ ಶಿವರಂಜಿನಿಯದು. ಗುಂಡ್ಲುಪೇಟೆಗೆ ಹೋಗಬೇಕಾದರೆ, ತವರಿಗೆ ಏನಾದರೂ ಒಯ್ಯಬೇಕಾದರೆ, ಅವಳು ಯಾರ ಮುಂದೆಯೂ ನಿಂತು ಕೇಳಬೇಕಿರಲಿಲ್ಲ. ಅದನ್ನು ಅವಳು ಗಂಡನಿಗೆ ಹೇಳಲಿಲ್ಲ. ಹೇಳಿದರೆ “ನಾ ಕೊಡಲ್ವಾ?” ಅನ್ನುತ್ತಾನೆ. ಕೊಡುತ್ತಾನೆ ಕೂಡ. ಸಮಸ್ಯೆ ಅದೇ.

ಮಾರನೆ ದಿನ ಪುಟ್ಟಮಾದಮ್ಮ ಪಡಿತರ ತರಲು ಹೋದಳು. ಸೊಸೈಟಿಯ ಮುಂದೆ ಸಾಲು ಉದ್ದ ಇರುತ್ತದೆ. ಶಿವರಂಜಿನಿ ಅಷ್ಟಕ್ಕೇ ಕಾದಿದ್ದಳು. ಬಚ್ಚಲುಮನೆಯ ಹಿಂದೆ, ಬಡಗಲ ಗೋಡೆಯ ನೆರಳಲ್ಲಿ ನೆಲ ಗುಡಿಸಿದಳು. ಅಲ್ಲಿ ಹೆಂಚಿನ ಇಳಿಜಾರಿತ್ತು, ಗಾಳಿಯೂ ಆಡುತ್ತಿತ್ತು. ಮುಂಗುಸಿ ಬರದಂತೆ ಸುತ್ತ ಹಳೆ ಜಾಲರಿ ನಿಲ್ಲಿಸಿದಳು. ಮಂಕರಿಯನ್ನು ಹ್ಯಾಟೆ ಸಮೇತ ಎತ್ತಿಕೊಂಡು, ಅಲುಗಿಸದೆ, ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ಹೋಗಿ ಅಲ್ಲಿಟ್ಟಳು. ಹ್ಯಾಟೆ ಕೂತೇ ಇತ್ತು. ಗೆದ್ದೆ ಅಂದುಕೊಂಡಳು.

ನೀರು ತರಲು ಹೋಗಿ ಬರುವಷ್ಟರಲ್ಲಿ ಮಂಕರಿಯಲ್ಲಿ ಬರೀ ಮೊಟ್ಟೆಗಳಿದ್ದವು. ಜಾಲರಿ ಹಾರಿ, ಉರಿಬಿಸಿಲಿನ ಅಂಗಳ ದಾಟಿ, ಹ್ಯಾಟೆ ಹಳೆ ಮೂಲೆಗೆ ಹೋಗಿತ್ತು. ಬರೀ ನೆಲದ ಮೇಲೆ ರೆಕ್ಕೆ ಹರಡಿ ಕೂತಿತ್ತು. ಇಲ್ಲದ ಮೊಟ್ಟೆಗಳನ್ನು ಕೊಕ್ಕಿನಿಂದ ಹೊಟ್ಟೆಯಡಿಗೆ ಎಳೆದುಕೊಳ್ಳುತ್ತಿತ್ತು.

“ಥೂ, ನಿನ್ ಮಕಕ್ಕೆ!” ಅಂದಳು ಶಿವರಂಜಿನಿ. ಎತ್ತಿಕೊಂಡು ಬಂದು ಮೊಟ್ಟೆಯ ಮೇಲಿಟ್ಟಳು. ಇಳಿದು ಹೋಯಿತು. ಮತ್ತೆ ತಂದಳು, ಮೇಲೆ ಇನ್ನೊಂದು ಮಂಕರಿ ಕವುಚಿದಳು. ಒಳಗೆ ಅದು ಬಡಿದಾಡಿದ ರಭಸಕ್ಕೆ ಒಂದು ಮೊಟ್ಟೆ ಒಡೆಯಿತು. ಒಳಗಿದ್ದ ಮರಿಗೆ ಪುಕ್ಕ ಬಂದಿತ್ತು. ಮಂಕರಿ ತೆಗೆದು ಹಿಡಿಯಲು ಹೋದಾಗ ಹ್ಯಾಟೆ ಅವಳ ಮಣಿಕಟ್ಟಿಗೆ ರಕ್ತ ಬರುವಂತೆ ಕುಕ್ಕಿ ಮೂಲೆಗೆ ಓಡಿತು. ನೆರಳಲ್ಲಿ ಮೊಟ್ಟೆಗಳು ತಣ್ಣಗಾಗುತ್ತಿದ್ದವು. ಸೆಕೆಯಿಂದ ಉಳಿಸಲು ಹೋಗಿ ಅವುಗಳನ್ನು ಆರಲು ಬಿಟ್ಟು ಕೊಲ್ಲುವ ಹಾಗಾಗಿತ್ತು.

ಅವಳು ಮಂಕರಿಯನ್ನು ಮೂಲೆಗೆ ವಾಪಸ್ ಹೊತ್ತು ತರುವಾಗಲೇ ಪುಟ್ಟಮಾದಮ್ಮ ಅಕ್ಕಿಚೀಲ ಇಳಿಸಿ ನಿಂತಿದ್ದಳು. ಅವಳಿಗೆ ಯಾರೂ ಏನೂ ವಿವರಿಸಬೇಕಾಗಿರಲಿಲ್ಲ.

“ಕದಲ್ಸಬ್ಯಾಡ ಅಂತ ಬಡ್ಕಂಡೆ. ನೋಡು, ಕೋಳಿಗೆ ಗೊತ್ತದೆ, ನಿಂಗೆ ಗೊತ್ತಿಲ್ಲ.”

“ಕೋಳಿಗೆ ಏನೂ ಗೊತ್ತಿಲ್ಲ ಅತ್ತೆ. ನಿಮ್ಮಂಗೆ ಅದ್ಕೂ ಮೂಲೆ ಒಂದೇ ಗೊತ್ತಿರದು.”

“ಬಾಯಿ ಒಂದದೆ ನಿಂಗೆ.”

ಹ್ಯಾಟೆ ಮಂಕರಿಗೆ ಹತ್ತಿ, ಮೊಟ್ಟೆಗಳನ್ನು ಒಂದೊಂದಾಗಿ ಹೊರಳಿಸಿ, ಕೂತುಕೊಂಡಿತು. ಕೂತ ಸ್ವಲ್ಪ ಹೊತ್ತಿಗೆ ಕೊಕ್ಕು ತೆರೆಯಿತು.

ಅಲ್ಲಿಂದ ಮುಂದೆ ಶಿವರಂಜಿನಿಗೆ ಮಾಡಲು ಉಳಿದದ್ದು ಸಣ್ಣಪುಟ್ಟ ಕೆಲಸ. ಚೀಲಗಳನ್ನು ಬಿಚ್ಚಿ ಎಸೆದಳು. ಮಂಕರಿಯ ಸುತ್ತ ಮರಳು ಸುರಿದು ಅದಕ್ಕೆ ಮಾತ್ರ ನೀರು ಹಾಕಿದಳು. ಬೋಕಿಯ ನೀರಿಗೆ ಬೆಲ್ಲ, ಚಿಟಿಕೆ ಉಪ್ಪು ಹಾಕಿ ಕೊಕ್ಕಿನ ಹತ್ತಿರವೇ ಹಿಡಿದಳು. ರಟ್ಟು ತಂದು ಬೀಸಿದಳು. ಬೀಸಿದರೆ ಅವಳಿಗೇ ಬೆವರು ಬರುತ್ತಿತ್ತು, ಬಂದ ಬೆವರು ಆರುತ್ತಿರಲಿಲ್ಲ. ಅತ್ತೆ ಮರೆತಂತೆ ಮಾಡಿ ಒಂದು ಚೀಲ ಮತ್ತೆ ಕಟ್ಟಿದಳು, ಇವಳು ಮತ್ತೆ ಬಿಚ್ಚಿದಳು. ಅಂಗಳದಲ್ಲಿ ಬಿದ್ದಿದ್ದ ಗರಿಗಳನ್ನು ಯಾರೂ ಎತ್ತಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಗಂಡನನ್ನು ಇನ್ನೊಂದು ಸಲ ಕೇಳಿದಳು. ಅವನು ಮೊಬೈಲಿನಿಂದ ತಲೆ ಎತ್ತದೆ, “ಎರಡ್ ದಿನಕ್ಕೆ ಮಳೆ ಬತ್ತದಂತೆ, ಸುಮ್ಕಿರು” ಅಂದ.

ಮೊಟ್ಟೆ ಒಡೆಯಬೇಕಾದ ದಿನ ಮೋಡ ತೀರ ಕೆಳಗೆ ಬಂದು ನಿಂತಿತ್ತು. ಎಲೆ ಅಲ್ಲಾಡುತ್ತಿರಲಿಲ್ಲ. ಸೀಟಿನ ಕೆಳಗೆ ಹೋದರೆ ಮುಖಕ್ಕೆ ಬಿಸಿನೀರಿನ ಬಟ್ಟೆ ಒತ್ತಿದಂತಾಗುತ್ತಿತ್ತು. ಶಿವರಂಜಿನಿ ಪಾತ್ರೆ ತೊಳೆಯುತ್ತಿದ್ದಳು. ಮೂಲೆಯಿಂದ ಬರುತ್ತಿದ್ದ ಹ್ಯಾಟೆಯ ಲೊಕ್ ಲೊಕ್ ಸದ್ದು ನಿಂತದ್ದು ಅವಳಿಗೆ ಆಮೇಲೆ ಗೊತ್ತಾಯಿತು. ಕೈ ತೊಳೆಯದೆ ಓಡಿದಳು. ಹ್ಯಾಟೆಯ ಕತ್ತು ಮಂಕರಿಯ ಅಂಚಿನ ಮೇಲೆ ಬಿದ್ದಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಜುಟ್ಟು ಕಪ್ಪಗಾಗಿತ್ತು.

ಪುಟ್ಟಮಾದಮ್ಮ ಹಿಂದೆಯೇ ಬಂದು ಇಣುಕಿದಳು.

“ಕುಯ್ದುಬುಡನ ಅಮ್ಮಿ, ಜೀವ ಇರೋವಾಗ್ಲೇ. ಸತ್ಮೇಲೆ ತಿನ್ನಕ್ಕೂ ಬರಲ್ಲ.”

ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಆ ಕೇರಿಯಲ್ಲಿ ಎಲ್ಲರೂ ಅದನ್ನೇ ಹೇಳುತ್ತಿದ್ದರು. ಬೇರೆ ಕೋಳಿಯಾಗಿದ್ದರೆ ಶಿವರಂಜಿನಿಯೇ ಹೇಳುತ್ತಿದ್ದಳು.

“ಬಕೀಟು ಕೊಡಿ ಅತ್ತೆ.”

“ಕುಯ್ಯಕ್ಕೆ ಬಕೀಟು ಯಾಕೆ?”

“ಕೊಡಿ ಅತ್ತೆ!”

ಹ್ಯಾಟೆಯನ್ನು ಎತ್ತಿ ಕಾಲೆರಡನ್ನೂ ಬಕೀಟಿನ ನೀರಿನಲ್ಲಿ ಮುಳುಗಿಸಿದಳು. ಕಾಲು ಹಂಚಿನ ಹಾಗೆ ಸುಡುತ್ತಿತ್ತು. ಜುಟ್ಟಿಗೆ, ರೆಕ್ಕೆಯ ಅಡಿಗೆ ನೀರು ಸವರಿದಳು. ಹೊಂಗೆಯ ನೆರಳಿಗೆ ಒಯ್ದಳು. ಹ್ಯಾಟೆ ಒಂದು ಸಲ ಕತ್ತು ಎತ್ತಿತು. ಅದು ನೋಡಿದ್ದು ಮೂಲೆಯ ಕಡೆಗೆ. ರೆಕ್ಕೆ ಒಂದು ಸಲ ಬಡಿಯಿತು, ಆಮೇಲೆ ಅವಳ ಕೈಯಲ್ಲೇ ಭಾರವಾಯಿತು.

ಅಳು ಬರಲಿಲ್ಲ. ಅಂಗಳದಲ್ಲಿ ಒಣಗುತ್ತಿದ್ದ ಗರಿಗಳು ಕಣ್ಣಿಗೆ ಬಿದ್ದವು. ನಾಲ್ಕು ಗರಿ, ಒಂದು ಹಗ್ಗ. ಅಷ್ಟು ಮೇಲಿದ್ದಿದ್ದರೆ ಈ ಕೋಳಿ ಬದುಕಿರುತ್ತಿತ್ತು. ಅದು ಅವಳಿಗೆ ಗೊತ್ತಿತ್ತು, ಮೊದಲ ದಿನದಿಂದಲೂ ಗೊತ್ತಿತ್ತು. ಗೊತ್ತಿದ್ದು ಏನೂ ಆಗಲಿಲ್ಲ.

“ಅಮ್ಮಿ, ಬಾ ಇಲ್ಲಿ! ಬಿರೀನೆ ಬಾ!” ಪುಟ್ಟಮಾದಮ್ಮ ಮೂಲೆಯಿಂದ ಕೂಗಿದಳು.

ಮಂಕರಿಯಲ್ಲಿ ಮೊಟ್ಟೆಗಳು ಅಲ್ಲಾಡುತ್ತಿದ್ದವು. ಕೆಲವಕ್ಕೆ ಬಿರುಕು ಬಿಟ್ಟಿತ್ತು. ಒಂದರ ತೂತಿನಿಂದ ಕೊಕ್ಕಿನ ತುದಿ ಆಡುತ್ತಿತ್ತು. ಒಳಗಿಂದ ಸಣ್ಣ ಸದ್ದು ಬರುತ್ತಿತ್ತು. ಶಿವರಂಜಿನಿ ಸತ್ತ ಕೋಳಿಯನ್ನು ಹಿಡಿದುಕೊಂಡೇ ನಿಂತಳು.

“ತಾಯಿ ಇಲ್ಲ, ಕಾವು ಯಾರ್ ಕೊಟ್ಟಾರು?” ಅಂದಳು.

“ಮೂಲೆ ಕೊಡ್ತದೆ ಸುಮ್ಕಿರು.” ಅತ್ತೆ ಹಳೆ ಪಂಚೆಯ ತುಂಡು ತಂದು ಮೇಲೆ ಹೊದೆಸಿದಳು.

ಕೊಟ್ಟಿತು. ಸೀಟಿನ ಕೆಳಗಿನ ಆ ಧಗೆಗೆ ಕೋಳಿಯೇ ಬೇಕಿರಲಿಲ್ಲ. ಮಧ್ಯಾಹ್ನ ಕಳೆಯುವಷ್ಟರಲ್ಲಿ ಮರಿಗಳು ಒಂದೊಂದಾಗಿ ಚಿಪ್ಪು ಒದ್ದು ಬಂದವು. ಒದ್ದೆ ಮರಿಗಳು ಹೊಟ್ಟಿನಲ್ಲಿ ಹೊರಳಿ, ನೋಡನೋಡುತ್ತ ಒಣಗಿ, ಉಬ್ಬಿದವು. ಪುಟ್ಟಮಾದಮ್ಮ ಬೇಲಿಯ ಹತ್ತಿರ ನಿಂತು ರಾಚಮ್ಮನನ್ನು ಕೂಗಿದಳು.

“ಬಾ ನೋಡು ಬಾ! ತಾಯಿ ಇಲ್ದೇನೆ ಒಡ್ದವೆ! ಕಾವು ಇರದು ಮೂಲೇಲಿ ಅಂದ್ರೆ ನಮ್ ಉಡ್ಗಿ ನಂಬಲ್ಲ.”

ರಾಚಮ್ಮ ಬಂದು ಮರಿಗಳನ್ನು ನೋಡಿದಳು. ಆಮೇಲೆ ಶಿವರಂಜಿನಿಯನ್ನು ನೋಡಿದಳು.

“ತಾಯಿ ಏನಾಯ್ತಮ್ಮಿ?”

“ಮೂಲೆ ತಿಂತು ಅಕ್ಕ.”

“ಎಂಗಾಡ್ತಳೆ ನೋಡು! ಪಿಳ್ಳೆ ಎಲ್ಲಾ ಚಂದಾಗವೆ, ಅದ್ಕೆ ಕುಸಿ ಪಡ್ಬಾರ್ದಾ?” ಅಂದಳು ಅತ್ತೆ.

ಕೋಳಿಯನ್ನು ಕೊಂದ ಬಿಸಿಯೇ ಮೊಟ್ಟೆ ಒಡೆಸಿತು, ಎರಡೂ ಒಂದೇ ಬಿಸಿ ಎಂದು ಹೇಳಬೇಕು ಅನ್ನಿಸಿತು. ಹೇಳಿದಳು ಕೂಡ. ಅತ್ತೆ, “ಅದೇ ಕಣಮ್ಮಿ ಕಾವು ಅಂದ್ರೆ” ಅಂದಳು. ಶಿವರಂಜಿನಿ ಹಾರೆ ತೆಗೆದುಕೊಂಡು ಹೋಗಿ ಹೊಂಗೆಯ ಹಿಂದೆ ಗುಂಡಿ ತೆಗೆದಳು.

ಸಂಜೆ ಮಳೆ ಬಂತು. ಮೊದಲು ಗುಡುಗು, ಆಮೇಲೆ ಗಾಳಿ, ಆಮೇಲೆ ಸೀಟಿನ ಮೇಲೆ ಕಲ್ಲು ಸುರಿದಂಥ ಸದ್ದು. ಸ್ವಲ್ಪ ಹೊತ್ತಿನಲ್ಲಿ ಮೂಲೆ ತಣ್ಣಗಾಯಿತು. ಎರಚಲು ಮಂಕರಿಯ ತನಕ ಬಂತು. ಮರಿಗಳು ಒಂದಕ್ಕೊಂದು ಅಂಟಿಕೊಂಡು ಕಿರುಚತೊಡಗಿದವು. ಶಿವರಂಜಿನಿ ಮಂಕರಿ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಒಲೆಯ ಪಕ್ಕ ಇಟ್ಟಳು. ಈ ಸಲ ಕದಲಿಸಬೇಡ ಎಂದು ಯಾರೂ ಅನ್ನಲಿಲ್ಲ.

ರಂಗರಾಜು ನೆನೆದುಕೊಂಡು ಬಂದ. ತಲೆ ಒರೆಸಿಕೊಳ್ಳುತ್ತ ಮರಿಗಳನ್ನು ನೋಡಿದ.

“ಪರ್ವಾಗಿಲ್ವೇ, ಎಲ್ಲಾ ಆಗವೆ! ತಾಯಿ ಎಲ್ಲಿ?”

“ಗುಂಡಿ ತೆಗ್ದು ಮುಚ್ಚಿದೆ.”

ಅವನು ಒರೆಸುವುದನ್ನು ನಿಲ್ಲಿಸಿ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡ. “ಇನ್ನೊಂದು ತರನ ಬುಡು” ಅಂದ. ಅವಳು ಮರಿಗಳಿಗೆ ರಾಗಿ ನುಚ್ಚು ಆರಿಸುತ್ತಲೇ ಇದ್ದಳು.

ಬೆಳಿಗ್ಗೆ ಆಕಾಶ ತೊಳೆದಂತಿತ್ತು. ಅಂದರೆ ಮಧ್ಯಾಹ್ನಕ್ಕೆ ಮತ್ತೆ ಅದೇ. ರಾತ್ರಿ ಬಿದ್ದ ನೀರೆಲ್ಲ ಈಗ ಮೇಲೇಳುತ್ತದೆ. ಮರಿಗಳನ್ನು ದಿನವಿಡೀ ಒಲೆಯ ಪಕ್ಕ ಇಡಲಾಗುವುದಿಲ್ಲ, ಅಂಗಳಕ್ಕೆ ಬಿಟ್ಟರೆ ಕಾಗೆ. ಹಿತ್ತಲಿನ ಸೂರಿನ ಕೆಳಗೇ ಅವು ಬೆಳೆಯಬೇಕು. ಶಿವರಂಜಿನಿ ಮುಖ ತೊಳೆದವಳೇ ಏಣಿ ಇಟ್ಟಳು. ನೆನೆದ ಗರಿಗಳು ಭಾರವಾಗಿದ್ದವು. ಒಂದೊಂದಾಗಿ ಮೇಲೆಳೆದು, ಸೀಟಿನ ನೀಲಿ ಕಾಣದಂತೆ ಹಾಸಿದಳು.

ರಂಗರಾಜು ಕೆಲಸಕ್ಕೆ ಹೊರಟವನು ಬೈಕು ನಿಲ್ಲಿಸಿ ಹಿತ್ತಲಿಗೆ ಬಂದ.

“ರೋಡ್ಗೆ ಕಾಣ್ತದೆ.”

“ಕಾಣ್ಲಿ.”

“ಕಿತ್ತಾಕ್ತಿನಿ ನೋಡು.”

“ಕೀಳಿ. ನೀವು ಸಂಜೆ ಕೀಳಿ, ನಾ ಬೆಳಿಗ್ಗೆ ಆಕ್ತಿನಿ. ಯಾರ್ಗೆ ಮೊದ್ಲು ಬ್ಯಾಸ್ರ ಆಯ್ತದೆ ನೋಡನ.”

ಪುಟ್ಟಮಾದಮ್ಮ ಒಳಗಿನಿಂದ, “ಸೀಟಿದ್ರೇನ್ಲಾ, ಗರಿ ಇದ್ರೇನ್ಲಾ, ಮೂಲೆ ಅದೇ ಕಣ್ಲಾ ರಂಗ” ಅಂದಳು. ಯಾರ ಪರವಾಗಿ ಹೇಳಿದಳೋ ಇಬ್ಬರಿಗೂ ತಿಳಿಯಲಿಲ್ಲ. ರಂಗರಾಜು ರಸ್ತೆಯ ಕಡೆ ಒಮ್ಮೆ ನೋಡಿದ. ಒಂದು ಜೀಪು ಹೋಯಿತು. ಒಳಗಿದ್ದವರು ಯಾರೂ ಈ ಕಡೆ ತಿರುಗಲಿಲ್ಲ.

“ಆ ಕಡೆ ಹಗ್ಗ ಸಡ್ಲ ಅದೆ” ಎಂದು ಹೇಳಿ ಹೋದ. ಬಂದು ಬಿಗಿದು ಕೊಡಲಿಲ್ಲ.

ಅವಳೇ ಬಿಗಿದಳು.

ಮಧ್ಯಾಹ್ನ ಮರಿಗಳ ಮಂಕರಿಯನ್ನು ಹಿತ್ತಲಿಗೆ ತಂದಳು. ಅಂಗಳದ ಮಣ್ಣಿನಿಂದ ಹಬೆ ಏಳುತ್ತಿತ್ತು. ಬೋಕಿಯಲ್ಲಿ ನೀರಿಟ್ಟು, ಒರಳಿನ ಮೇಲೆ ನಿಂತು, ಕೈ ಚಾಚಿ ಸೀಟನ್ನು ಒಳಗಿನಿಂದ ಮುಟ್ಟಿದಳು. ಅಂಗೈ ಇಟ್ಟಳು. ಇಟ್ಟುಕೊಂಡೇ ಇರಬಹುದಿತ್ತು. ನಿನ್ನೆ ಬೆರಳು ತಾಗಿಸಲೂ ಆಗುತ್ತಿರಲಿಲ್ಲ. ಅವಳು ಕೆಳಗಿಳಿದು, ಮಂಕರಿಯ ಹೊಟ್ಟಿನಲ್ಲಿ ಇನ್ನೂ ಬಿದ್ದಿದ್ದ ಕುಡುಗೋಲಿನ ತುಂಡನ್ನು ಹೆಕ್ಕಿ, ಮರಿಗಳ ಕಾಲಿಗೆ ತಾಗದಂತೆ ಗೋಡೆಯ ಸಂದಿಗೆ ಸಿಕ್ಕಿಸಿದಳು.